ರವದಿಗೆ ಬೆಂಕಿ ಹಚ್ಚುವ ಮುನ್ನ ಒಮ್ಮೆ ನೋಡಿ: ಹೊಲದಲ್ಲಿ ಸಿಕ್ಕ ಕುನ್ನಿಗಳನ್ನ ಉಳಿಸೋದು ಹೇಗೆ?

ಫೆಬ್ರುವರಿ ಮುಗಿಯುತ್ತ ಬಂತು ಅಂದ್ರೆ ಜಮಖಂಡಿ, ಮುಧೋಳ ಕಡೆ ಸಂಜೆ ಹೊತ್ತು ಯಾವುದಾದರೂ ಒಂದು ಹೊಲದಿಂದ ಹೊಗೆ ಏಳ್ತಾನೇ ಇರ್ತದೆ. ಕಬ್ಬು ಕಾರ್ಖಾನೆಗೆ ಹೋಯ್ತು, ಕಟಾವಿನ ಗ್ಯಾಂಗ್ ಮುಂದಿನ ಊರಿಗೆ ಹೋಯ್ತು, ಉಳಿದದ್ದು ರವದಿ. ಒಂದು ಕಡ್ಡಿ ಗೀರಿದರೆ ಅರ್ಧ ತಾಸಿನಲ್ಲಿ ಹೊಲ ಬಯಲು.

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಹೊಲದ ಕಾಕಾ ಹೀಗೇ ಕಡ್ಡಿಪೆಟ್ಟಿಗೆ ಹಿಡಕೊಂಡು ಬದುವಿನ ಮೇಲೆ ನಿಂತಿದ್ದರು. ನಾನು ದಾಳಿಂಬೆ ತೋಟದಲ್ಲಿ ಡ್ರಿಪ್ ಪೈಪ್ ತೊಳೀತಿದ್ದೆ. ಗಾಳಿ ನಮ್ಮ ತೋಟದ ಕಡೆಗೇ ಬೀಸ್ತಿತ್ತು. ಗಿಡಕ್ಕೆ ಝಳ ಹೊಡೀತದೆ ಅನ್ನೋ ಚಿಂತೆಯಿಂದ 'ಕಾಕಾ, ಸ್ವಲ್ಪ ತಡೀರಿ' ಅಂತ ಹೇಳೋಕೆ ಹೋದೆ. ನಿಜ ಹೇಳ್ಬೇಕು ಅಂದ್ರೆ ನಾಯಿ, ಕುನ್ನಿ ಯಾವುದೂ ನನ್ನ ತಲೆಯಲ್ಲಿ ಇರಲಿಲ್ಲ. ಇಬ್ಬರೂ ಮಾತಾಡ್ತಾ ನಿಂತಾಗ ರವದಿ ಒಳಗಿಂದ ಕುಂಯ್ ಅಂತ ಸಣ್ಣ ಸದ್ದು ಬಂತು.

ಕಾಕಾ ಕಡ್ಡಿಪೆಟ್ಟಿಗೆ ಕಿಸೆಗೆ ಹಾಕಿಕೊಂಡರು. ಕೈಯಿಂದ ರವದಿ ಸರಿಸುತ್ತ ಹೋದರೆ ಐದು ಕುನ್ನಿ. ಕಣ್ಣು ಬಿಟ್ಟಿದ್ದವು, ಹಾಲಹಲ್ಲು ಬಂದಿದ್ದವು. ಒಂದು ತಿಂಗಳ ಮೇಲೆ ಒಂದು ವಾರ ಆಗಿರಬಹುದು. ಮೂರು ಹೆಣ್ಣು, ಎರಡು ಗಂಡು. ತಾಯಿ ಗ್ಯಾಂಗಿನವರ ಗುಡಿಸಲ ಹತ್ರ ಇದ್ದ ಕಂದು ನಾಯಿ. ಗ್ಯಾಂಗ್ ಹೋಗಿ ಎರಡು ದಿನ ಆಗಿತ್ತು, ನಾಯಿ ಟ್ರ್ಯಾಕ್ಟರ್ ಹಿಂದೆ ಓಡಿದ್ದನ್ನ ಕಾಕಾ ನೋಡಿದ್ದರು.

'ಇನ್ನೊಂದು ನಿಮಿಷ ಆಗಿದ್ರ ಏನ್ ಗತಿಯೋ ತಮ್ಮಾ' ಅಂದರು. ಆಮೇಲೆ ಅವರು ಈ ಮಾತು ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ.

ಈ ವಾರ ಈ ಬರಹ ಬರೀತಿರೋದು ಕುನ್ನಿ ಉಳಿಸಿದ ಹೆಮ್ಮೆಗಲ್ಲ. ಐದರಲ್ಲಿ ಎರಡು ನನ್ನ ತಪ್ಪಿನಿಂದಲೇ ಸತ್ತವು. ಹೊಲದಿಂದ ಎತ್ತಿಕೊಂಡು ಬರೋದು ಹತ್ತು ನಿಮಿಷದ ಕೆಲಸ. ಕಷ್ಟ ಇರೋದು ಅದರ ನಂತರದ ಹದಿನೈದು ದಿನದಲ್ಲಿ, ಆಮೇಲೆ ಸರಿಯಾದ ಮನೆ ಹುಡುಕೋದರಲ್ಲಿ. ಆ ಎರಡನ್ನೂ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ತಪ್ಪು

ಐದನ್ನೂ ಗೋಣಿಚೀಲದಲ್ಲಿ ಹಾಕಿಕೊಂಡು ಬಂದು ಮನೆ ಅಂಗಳದಲ್ಲಿ ಬಿಟ್ಟೆ. ಅವ್ವ ಬಟ್ಟಲಲ್ಲಿ ಹಾಲು ಇಟ್ಟಳು. ಮಕ್ಕಳು ಬಂದರು, ಫೋಟೊ ತೆಗೆದರು, ನಾನು ಸ್ಟೇಟಸ್ ಹಾಕಿದೆ. ಎಲ್ಲ ಚೆನ್ನಾಗಿತ್ತು. ಆರನೇ ದಿನ ಒಂದು ಕುನ್ನಿ ಹಾಲು ಬಿಟ್ಟಿತು, ವಾಂತಿ ಮಾಡಿತು. ಮರುದಿನ ರಕ್ತಭೇದಿ, ಕೆಟ್ಟ ನಾತ. ಅದರ ಹಿಂದೆ ಇನ್ನೊಂದು.

ಪಾರ್ವೊ. ಹಿಂದಿನ ಮಳೆಗಾಲದಲ್ಲಿ ಅದೇ ಅಂಗಳದಲ್ಲಿ ನಮ್ಮದೇ ಒಂದು ನಾಯಿ ಇದೇ ರೀತಿ ಸತ್ತಿತ್ತು. ಈ ವೈರಸ್ ನೆರಳಿನ ತಂಪು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ತನಕ ಜೀವ ಹಿಡಿದಿರ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಮಣ್ಣಿನಲ್ಲಿ ಉಳಿಯೋ ಶಿಲೀಂಧ್ರ, ಜಂತು ಬಗ್ಗೆ ನಾಲ್ಕು ವರ್ಷ ತೋಟಗಾರಿಕೆ ಕಾಲೇಜಿನಲ್ಲಿ ಓದಿದವನು ನಾನು. ದಾಳಿಂಬೆ ಸೊರಗು ರೋಗ ಬಂದ ಗುಂಡಿಗೆ ಹೊಸ ಸಸಿ ಇಡಬಾರದು ಅಂತ ಊರಿಗೆಲ್ಲ ಹೇಳ್ತೀನಿ. ನಾಯಿ ಸತ್ತ ಅಂಗಳಕ್ಕೆ ಲಸಿಕೆ ಇಲ್ಲದ ಐದು ಎಳೆ ಕುನ್ನಿ ತಂದು ಬಿಟ್ಟೆ.

ಪಶು ವೈದ್ಯರು ಬಂದು ಸಲೈನ್ ಹಾಕಿದರು. ಪಾರ್ವೊ ವೈರಸ್ ಕೊಲ್ಲೋ ಔಷಧ ಅಂತ ನಮ್ಮ ಕೈಗೆ ಸಿಗುವಂಥದ್ದು ಇಲ್ಲ. ದೇಹದ ನೀರು ಆರದ ಹಾಗೆ ನೋಡಿಕೊಳ್ಳೋದು, ವಾಂತಿ ತಡೆಯೋದು, ಬೇರೆ ಸೋಂಕು ಹತ್ತದಂತೆ ಔಷಧ ಕೊಡೋದು, ಇಷ್ಟೇ ಚಿಕಿತ್ಸೆ. ಬೇಗ ಹಿಡಿದರೆ ಎಷ್ಟೋ ಉಳೀತವೆ. ನಾನು ಒಂದು ದಿನ 'ಹಾಲು ಅರಗಿಲ್ಲ, ಅಷ್ಟೇ' ಅಂತ ಕಳೆದಿದ್ದೆ. ಎರಡು ಹೋದವು. ನಾನು ಸಾವಯವದವ, ಆದ್ರೂ ಹೇಳ್ತೀನಿ: ಮರಿಗೆ ವಾಂತಿ-ಭೇದಿ ಶುರುವಾದ ದಿನ ಮನೆಯಲ್ಲಿ ಕಷಾಯ ಕುದಿಸುತ್ತ ಕೂರಬೇಡಿ, ಪಶು ಆಸ್ಪತ್ರೆಗೆ ಹೊರಡಿ.

ಈಗ ನನ್ನ ಪದ್ಧತಿ ಬೇರೆ. ಹೊಸದಾಗಿ ಬಂದ ಯಾವ ಪ್ರಾಣಿಯೂ ಮೊದಲ 14 ದಿನ ಮನೆ ನಾಯಿ-ಬೆಕ್ಕಿನ ಹತ್ರ ಬರೋ ಹಾಗಿಲ್ಲ. ಪಂಪ್‌ಶೆಡ್ ಪಕ್ಕ ಸಿಮೆಂಟ್ ನೆಲದ ಒಂದು ಸಣ್ಣ ಕೋಣೆ ಇದೆ, ಅದೇ ಅವುಗಳ ಜಾಗ. ಬಟ್ಟಲು ಬೇರೆ, ಚಪ್ಪಲಿ ಬೇರೆ. ಮೊದಲು ಮನೆ ನಾಯಿಗೆ ಊಟ, ಕೊನೆಗೆ ಇವಕ್ಕೆ, ಆಮೇಲೆ ಸೋಪಿನಿಂದ ಕೈಕಾಲು ತೊಳೆಯೋದು. ನೆಲವನ್ನ ಮೊದಲು ಸೋಪು ಹಾಕಿ ತಿಕ್ಕಿ, ಬಟ್ಟೆಗೆ ಹಾಕೋ ದ್ರವ ಬ್ಲೀಚ್ 1 ಪಾಲಿಗೆ 30 ಪಾಲು ನೀರು ಸೇರಿಸಿ ಹತ್ತು ನಿಮಿಷ ನೆನೆಯೋಕೆ ಬಿಡ್ತೀನಿ. ಫಿನೈಲ್ ಮೇಲೆ ಭರವಸೆ ಇಡಬೇಡಿ. ಪಾರ್ವೊ ಅದಕ್ಕೆ ಸುಲಭವಾಗಿ ಬಗ್ಗಲ್ಲ, ಬೆಕ್ಕಿಗೆ ಅದೇ ವಿಷ. ಬರೀ ಮಣ್ಣಿನ ಅಂಗಳವನ್ನಂತೂ ಬ್ಲೀಚ್‌ನಿಂದಲೂ ಶುದ್ಧ ಮಾಡೋಕಾಗಲ್ಲ. ಅಲ್ಲಿ ಒಂದು ವರ್ಷ ಮರಿ ಬಿಡಲೇಬಾರದು.

ಲಸಿಕೆ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ. ಆರರಿಂದ ಎಂಟು ವಾರಕ್ಕೆ ಪಾರ್ವೊ-ಡಿಸ್ಟೆಂಪರ್ ಲಸಿಕೆ ಶುರು, ಮೂರ್ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ಆಗೋ ತನಕ ಮತ್ತೆ ಮತ್ತೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಜಂತಿನ ಔಷಧ ಎರಡು ವಾರದ ಮರಿಯಿಂದಲೇ ಕೊಡಬಹುದು, ಪ್ರಮಾಣ ತೂಕದ ಮೇಲೆ. ತೂಕ ಮಾಡೋಕೆ ಮನೆಯ ತಕ್ಕಡಿ ಸಾಕು.

ಮರಿ ಸಿಕ್ಕ ಕೂಡಲೇ ಎತ್ತಬೇಡಿ

ಇದು ವಿಚಿತ್ರ ಅನ್ನಿಸಬಹುದು. ಆದ್ರೆ ಬೆಂಕಿ, ನೀರು, ಟ್ರ್ಯಾಕ್ಟರ್ ಇಂಥ ತಕ್ಷಣದ ಅಪಾಯ ಇಲ್ಲ ಅಂದ್ರೆ ಮೊದಲು ಮಾಡಬೇಕಾದ ಕೆಲಸ ಕಾಯೋದು. ತಾಯಿ ನಾಯಿ ಹೊಟ್ಟೆಪಾಡಿಗೆ ಊರೊಳಗೆ ಹೋಗಿರ್ತದೆ, ಎರಡು-ಮೂರು ತಾಸಿಗೆ ತಿರುಗಿ ಬರ್ತದೆ. ಮರಿ ಬೆಚ್ಚಗಿದ್ದು, ಹೊಟ್ಟೆ ದುಂಡಗಿದ್ದು, ಸುಮ್ಮನೆ ಮಲಗಿದ್ದರೆ ತಾಯಿ ಇದೆ ಅಂತಲೇ ಲೆಕ್ಕ. ಫೋನ್‌ನಲ್ಲಿ ಫೋಟೊ ತೆಗೀರಿ, ಲೊಕೇಶನ್ ಸೇವ್ ಮಾಡಿ, ದೂರ ಸರಿದು ನಿಲ್ಲಿ. ತಣ್ಣಗಾಗಿದ್ದರೆ, ಬಿಡದೆ ಅಳ್ತಿದ್ದರೆ, ಮೈಮೇಲೆ ಇರುವೆ ಹತ್ತಿದ್ದರೆ ಆಗ ಕೈ ಹಾಕಿ.

ತಣ್ಣಗಾದ ಮರಿಗೆ ಹಾಲು ಕುಡಿಸಬೇಡಿ, ಅರಗಲ್ಲ. ಮೊದಲು ಬೆಚ್ಚಗೆ ಮಾಡಿ: ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕಕ್ಕೆ ಇಡಿ. ಕಣ್ಣು ಬಿಡದ ಮರಿ ಅಂದ್ರೆ ಹತ್ತು-ಹದಿನಾಲ್ಕು ದಿನದ ಒಳಗಿನದು. ಅದಕ್ಕೆ ಎರಡು-ಮೂರು ತಾಸಿಗೊಮ್ಮೆ ಹಾಲು ಬೇಕು, ರಾತ್ರಿಯೂ. ಪೇಟೆಯಲ್ಲಿ ಮರಿಗಳಿಗೇ ಅಂತ ಹಾಲಿನ ಪುಡಿ ಸಿಗ್ತದೆ, ಆಕಳ ಹಾಲಿಗಿಂತ ಅದು ಚಲೋ. ಕೂಸಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗ್ತದೆ. ಹೊಟ್ಟೆ ಕೆಳಗೆ ಮಾಡಿ, ತಾಯಿ ಹತ್ರ ಹೇಗೆ ಕುಡೀತದೋ ಹಾಗೆ. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗ ಮೆಲ್ಲಗೆ ಒರೆಸಿದರೇನೇ ಉಚ್ಚೆ ಹೊಯ್ತದೆ, ತಾಯಿ ನೆಕ್ಕಿ ಮಾಡಿಸೋ ಕೆಲಸ ಅದು. ಇಷ್ಟೆಲ್ಲ ಮಾಡೋಕೆ ಆಗಲ್ಲ ಅನ್ನಿಸಿದರೆ ನಾಚಿಕೆ ಬೇಡ, ಹಾಲೂಡೋ ಬೇರೆ ನಾಯಿ ಊರಲ್ಲಿ ಇದೆಯಾ ಕೇಳಿ ನೋಡಿ. ಎಷ್ಟೋ ತಾಯಂದಿರು ಇನ್ನೊಬ್ಬರ ಮರಿಯನ್ನೂ ಸೇರಿಸಿಕೊಳ್ತವೆ.

ಬೆಕ್ಕಿನ ಮರಿ ಆದ್ರೆ ಇನ್ನೂ ಎಚ್ಚರ. ಕಬ್ಬಿನಲ್ಲಿ ಸಿಗೋ 'ಬೆಕ್ಕಿನ ಮರಿ' ಎಷ್ಟೋ ಸಲ ಕಾಡುಬೆಕ್ಕಿಂದು. ಚಿಕ್ಕದಿದ್ದಾಗ ಮೈಮೇಲೆ ಪಟ್ಟೆ, ಚುಕ್ಕೆ ಇರೋದರಿಂದ ಮನೆ ಬೆಕ್ಕು ಅಂತಲೇ ಮೋಸ ಹೋಗ್ತೀವಿ. ಉದ್ದ ಕಾಲು, ಗಿಡ್ಡ ಬಾಲ, ಬಾಲದ ತುದಿಗೆ ಕಪ್ಪು ಬಳೆ, ದೊಡ್ಡ ಕಿವಿ ತುದಿಗೆ ಸಣ್ಣ ಕೂದಲ ಕುಚ್ಚು ಕಂಡರೆ ಕೈ ಹಚ್ಚಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಪ್ರಾಣಿ, ಮನೆಯಲ್ಲಿ ಸಾಕೋದು ಅಪರಾಧ. ಆ ಸಾಲಿನ ಕಟಾವು ಒಂದು ರಾತ್ರಿ ಬಿಟ್ಟು, ಅರಣ್ಯ ಇಲಾಖೆಗೆ ಫೋನ್ ಮಾಡಿ. ಮಹಾರಾಷ್ಟ್ರದ ಜುನ್ನರ ಭಾಗದಲ್ಲಿ ಕಬ್ಬಿನಲ್ಲಿ ಸಿಕ್ಕ ಚಿರತೆ ಮರಿಗಳನ್ನೇ ಸಿಕ್ಕ ಜಾಗದಲ್ಲಿ ಪೆಟ್ಟಿಗೆಯೊಳಗೆ ಇಟ್ಟು, ರಾತ್ರಿ ತಾಯಿ ಬಂದು ಒಯ್ಯೋ ಹಾಗೆ ಮಾಡ್ತಾರೆ. ನಮ್ಮ ಹೊಲದ ಇಲಿ ಹಿಡಿಯೋ ಕಾಡುಬೆಕ್ಕಿಗೆ ಒಂದು ರಾತ್ರಿ ಬಿಟ್ಟುಕೊಡೋದು ದೊಡ್ಡದೇನಲ್ಲ.

ಹೆಣ್ಣು ಕುನ್ನಿ ಯಾರಿಗೆ ಬೇಕು?

ಉಳಿದ ಮೂರರಲ್ಲಿ ಗಂಡು ಒಂದು, ಹೆಣ್ಣು ಎರಡು. ರೀಲ್ಸ್ ಹಾಕಿದೆ. ಗಂಡಿಗೆ ಅದೇ ರಾತ್ರಿ ನಾಲ್ಕು ಫೋನ್ ಬಂದವು. ಹೆಣ್ಣಿಗೆ ಹಾರ್ಟು, ಕೈಮುಗಿಯೋ ಚಿಹ್ನೆ ರಾಶಿ ರಾಶಿ. ಒಯ್ಯೋರು ಯಾರೂ ಇಲ್ಲ.

ನಮ್ಮ ನಾಲ್ಕೂ ತಾಲೂಕಿನಲ್ಲಿ ನಾನು ಕಂಡ ಅನಾಥ ಕುನ್ನಿಗಳಲ್ಲಿ ಬಹಳಷ್ಟು ಹೆಣ್ಣೇ. ಯಾರದೋ ಮನೆಯಲ್ಲಿ ಆರು ಮರಿ ಹುಟ್ಟಿದವು, ಗಂಡು ಮಕ್ಕಳ ಹಾಗೆ ಗಂಡು ಕುನ್ನಿ ಇಟ್ಟುಕೊಂಡರು, ಹೆಣ್ಣನ್ನ ಚೀಲದಲ್ಲಿ ತುಂಬಿ ಕಾಲುವೆ ದಂಡೆಗೋ ಕಾರ್ಖಾನೆ ರಸ್ತೆಗೋ ಬಿಟ್ಟು ಬಂದರು. ಬಿಟ್ಟವರು ಕೆಟ್ಟವರು ಅಂತ ಹೇಳಿ ಕೈ ತೊಳೆದುಕೊಳ್ಳೋದು ಸುಲಭ. ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರ್ತದೆ, 63 ದಿನಕ್ಕೆ ಮರಿ ಹಾಕ್ತದೆ, ಒಂದು ಸಲಕ್ಕೆ ನಾಲ್ಕೋ ಆರೋ. ಆ ಲೆಕ್ಕಕ್ಕೆ ಹೆದರಿಯೇ ಜನ ಬಿಡ್ತಾರೆ. ಲೆಕ್ಕ ತಪ್ಪಿಸೋ ದಾರಿ ಸಂತಾನಹರಣ ಶಸ್ತ್ರಚಿಕಿತ್ಸೆ ಒಂದೇ. ಬೆಕ್ಕಂತೂ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ತಡ ಮಾಡಿದರೆ ಮರಿಯೇ ಮರಿ ಹಾಕ್ತದೆ.

ಒಂದು ಹೆಣ್ಣು ಕುನ್ನಿಯನ್ನ ಮುಧೋಳ ಕಡೆಯ ಒಬ್ಬ ಹುಡುಗ ಬೈಕ್ ಮೇಲೆ ಬಂದು ಒಯ್ದ. ನನ್ನ ವಯಸ್ಸಿನವನೇ, ಪ್ರೀತಿಯಿಂದ ಎತ್ತಿಕೊಂಡ. ನಾನು ಅವನ ಮನೆ ನೋಡಲಿಲ್ಲ. ಇದು ಎರಡನೇ ತಪ್ಪು. ಮೂರು ವಾರಕ್ಕೆ ಆ ಕುನ್ನಿ ರಸ್ತೆ ಬದಿಯ ಢಾಬಾದಲ್ಲಿ ಕಂಡಿತು ಅಂತ ಗೆಳೆಯ ಫೋಟೊ ಕಳಿಸಿದ. ಕಿವಿ ಮೇಲಿನ ಬಿಳಿ ಕಲೆಯಿಂದ ಗುರುತು ಹಿಡಿದೆ. ಹುಡುಗನಿಗೆ ಫೋನ್ ಮಾಡಿದರೆ ಅವನಿಗೂ ಅಳು. 'ಆಯಿ ಒಲ್ಲೆ ಅಂದ್ಳ್ರೀ. ಹೆಣ್ಣ ನಾಯಿ ಯಾಕ ತಂದಿ, ಮೊದಲ ಹೊರಗ ಬಿಟ್ಟ ಬಾ ಅಂದ್ಳು.'

ಆವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ನಾಯಿ ಕೇಳೋಕೆ ಬಂದ ಹುಡುಗನ ಹತ್ರ ಮಾತು ಮುಗಿಸಲ್ಲ. ಆ ಮನೆಯಲ್ಲಿ ರೊಟ್ಟಿ ಬಡಿಯೋರು ಯಾರೋ ಅವರ ಹತ್ರ ಮಾತಾಡ್ತೀನಿ. ಕೊನೆಗೆ ನಾಯಿಗೆ ತುತ್ತು ಹಾಕೋರು ಅವರೇ, ಬೇಡ ಅನ್ನೋ ಹಕ್ಕೂ ಅವರದೇ. ಮನೆಗೆ ಹೋಗಿ ನೋಡ್ತೀನಿ: ನೆರಳು ಇದೆಯಾ, ಹಗಲೆಲ್ಲ ಸರಪಳಿಯಲ್ಲಿ ಇಡ್ತಾರಾ, ಹಿಂದೆ ಇದ್ದ ನಾಯಿ ಏನಾಯ್ತು. ಈ ಕೊನೇ ಪ್ರಶ್ನೆಗೆ ಬರೋ ಉತ್ತರ ಬಹಳ ಹೇಳ್ತದೆ. ವಾರ ಇಟ್ಟುಕೊಳ್ಳಿ, ಹೊಂದಲಿಲ್ಲ ಅಂದ್ರೆ ನನಗೇ ವಾಪಸ್ ಕೊಡಿ, ಬೇರೆ ಎಲ್ಲೂ ಬಿಡಬೇಡಿ ಅಂತ ಹೇಳಿ ಬರ್ತೀನಿ. ಹೆಣ್ಣು ಆದ್ರೆ ಶಸ್ತ್ರಚಿಕಿತ್ಸೆಯ ದಿನ ನಾನೇ ಬಂದು ಕರೆದೊಯ್ತೀನಿ, ಖರ್ಚು ಅರ್ಧರ್ಧ ಅಂತ ಮೊದಲೇ ಮಾತಾಗಿರ್ತದೆ. ಈ ಒಂದು ಮಾತಿನಿಂದಲೇ ಹೆಣ್ಣು ಕುನ್ನಿ ಒಯ್ಯೋರು ಸಿಗೋಕೆ ಶುರುವಾದರು.

ಢಾಬಾದಿಂದ ತಂದ ಕುನ್ನಿ ಬನಹಟ್ಟಿಯ ಒಂದು ನೇಕಾರರ ಮನೆ ಸೇರಿತು. ಅಲ್ಲಿಯ ಅಜ್ಜಿ ಮೊದಲು ಬೆಕ್ಕು ಕೇಳಿದ್ದರು. ಮಗ್ಗದ ಮನೆಯಲ್ಲಿ ಇಲಿ ಹೊಕ್ಕರೆ ನೂಲು, ಸೀರೆ ಎರಡೂ ಹಾಳು, ಅದಕ್ಕೇ ರಬಕವಿ-ಬನಹಟ್ಟಿಯಲ್ಲಿ ಬೆಕ್ಕಿನ ಮರಿಗೆ ಮನೆ ಹುಡುಕೋದು ನನಗೆ ಯಾವತ್ತೂ ಕಷ್ಟ ಆಗಿಲ್ಲ. ಕುನ್ನಿ ನೋಡಿದ ಮೇಲೆ ಅಜ್ಜಿ 'ಇರ್ಲಿ ಬಿಡಪಾ, ಇದೂ ಇರ್ಲಿ, ಬೆಕ್ಕೂ ತಂದ ಕೊಡು' ಅಂದರು. ಎರಡನ್ನೂ ಕೊಟ್ಟೆ.

ಮುಧೋಳ ನಾಯಿಯೂ ಅನಾಥ ಆಗ್ತದೆ

ನಮ್ಮ ಭಾಗದ ಹೆಸರು ದೇಶಕ್ಕೆ ಗೊತ್ತಿರೋದೇ ನಾಯಿಯಿಂದ. ಮುಧೋಳ ಸಂಸ್ಥಾನದ ಘೋರ್ಪಡೆ ರಾಜರು ಬೆಳೆಸಿದ ತಳಿ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ 'ಮನ್ ಕೀ ಬಾತ್'ನಲ್ಲಿ ಹೆಸರು ಹೇಳಿದರು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೇ ಇದೆ.

ಹೆಸರು ಬಂದ ಮೇಲೆ ಏನಾಗ್ತದೆ ಅನ್ನೋದನ್ನ ನಾನು ಕಂಡದ್ದು ಕಳೆದ ವರ್ಷ. ಬೆಂಗಳೂರಿನ ಪರಿಚಯದವರೊಬ್ಬರ ಫೋನ್: ಅವರ ಅಪಾರ್ಟ್‌ಮೆಂಟಿನಲ್ಲಿ ಒಂದೂವರೆ ವರ್ಷದ ಮುಧೋಳ ಗಂಡು, ಮಾಲೀಕರಿಗೆ ಬೇಡವಾಗಿದೆ, ಸೋಫಾ ಹರಿದಿದೆ, ರಸ್ತೆಯಲ್ಲಿ ಬಿಡೋ ಮಾತಾಡ್ತಿದ್ದಾರೆ. ಓಡೋಕೆ ಹುಟ್ಟಿದ ನಾಯಿ ಅದು. ದೂರದಲ್ಲಿ ಏನೋ ಅಲ್ಲಾಡಿದ್ದು ಕಣ್ಣಿಗೆ ಬಿದ್ದರೆ ಸಾಕು, ಬಾಣದ ಹಾಗೆ ಹೋಗ್ತದೆ. ಎರಡನೇ ಮಹಡಿಯಲ್ಲಿ ಅದು ಸೋಫಾ ಹರಿಯದೆ ಇನ್ನೇನು ಮಾಡಬೇಕು?

ನಮ್ಮಲ್ಲಿ ಎರಡು ತಿಂಗಳು ಇತ್ತು. ಕೋಳಿ ಹಿಂದೆ ಓಡಿ ಅವ್ವನಿಂದ ದಿನಾ ಬೈಗುಳ ತಿಂದಿತು. ಈ ಸಲ ಮನೆ ಹುಡುಕೋದು ಬಲು ಸುಲಭ ಅಂದುಕೊಂಡಿದ್ದೆ. ಫೋನ್‌ಗಳೂ ಬಹಳ ಬಂದವು. ಬೀಳಗಿ ಕಡೆಯ ಒಬ್ಬರ ಮನೆಗೆ ನೋಡೋಕೆ ಹೋದೆ. ದೊಡ್ಡ ಹೊಲ, ಒಳ್ಳೆ ನೆರಳು. ಚಹಾ ಕುಡಿಯೋ ಹೊತ್ತಿಗೆ ಅವರು ಹುರುಪಿನಿಂದ ಮೊಲದ ಬೇಟೆಯ ವಿಡಿಯೊ ತೋರಿಸಿದರು. ಯಡಹಳ್ಳಿ ಅಲ್ಲಿಗೆ ದೂರವಲ್ಲ. ಬೀಳಗಿ, ಮುಧೋಳ ತಾಲೂಕಿನ ನಡುವೆ ಸುಮಾರು 96 ಚದರ ಕಿ.ಮೀ. ಇರುವ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮದಲ್ಲಿ ಚಿಂಕಾರ ಅಷ್ಟೇ ಅಲ್ಲ, ತೋಳ, ನರಿಯೂ ಇವೆ. ಬೇಟೆ ನಾಯಿ ಮೊಲಕ್ಕೂ ಚಿಂಕಾರ ಮರಿಗೂ ವ್ಯತ್ಯಾಸ ಮಾಡಲ್ಲ. ಮೊಲದ ಬೇಟೆಯೂ 1972ರ ಕಾಯ್ದೆಯಡಿ ಅಪರಾಧವೇ. ಚಹಾ ಮುಗಿಸಿ, ಅಣ್ಣಾರ, ಈ ನಾಯಿ ಕೊಡೋಕಾಗಲ್ಲ ಅಂತ ಹೇಳಿ ಬಂದೆ. ಅವರಿಗೆ ಸಿಟ್ಟು ಬಂತು, ಈಗಲೂ ಸಂತೆಯಲ್ಲಿ ಸಿಕ್ಕರೆ ಮುಖ ತಿರುಗಿಸ್ತಾರೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. 'ಪಾಪ, ಬದುಕಿಕೊಳ್ಳಲಿ' ಅಂತ ಬೇಡದ ನಾಯಿಗಳನ್ನ ಆ ಗುಡ್ಡದ ಕಡೆ ಬಿಟ್ಟು ಬರೋರು ಇದ್ದಾರೆ. ನಾಯಿ ಬದುಕಲ್ಲ, ಬದುಕಿದರೆ ಗುಂಪು ಕಟ್ಟಿಕೊಂಡು ಚಿಂಕಾರ ಮರಿ ಹಿಡೀತದೆ, ಡಿಸ್ಟೆಂಪರ್‌ನಂಥ ರೋಗವನ್ನ ತೋಳ-ನರಿಗೆ ಹಚ್ಚತದೆ.

ನಾಯಿ ಕೊನೆಗೆ ಹೋದದ್ದು ಜಮಖಂಡಿ ತಾಲೂಕಿನ ಒಂದು ದ್ರಾಕ್ಷಿ ತೋಟಕ್ಕೆ, ಸುತ್ತ ತಂತಿ ಬೇಲಿ ಇರೋ ಜಾಗ. ಅಲ್ಲಿ ಒಂದೇ ಷರತ್ತು ಹಾಕಿದೆ: ಒಣದ್ರಾಕ್ಷಿ ಶೆಡ್ಡಿಗೆ ಬಾಗಿಲು ಇರಲೇಬೇಕು. ದ್ರಾಕ್ಷಿ, ಅದರಲ್ಲೂ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸ್ತದೆ. ಎಲ್ಲ ನಾಯಿಗೂ ಒಂದೇ ರೀತಿ ಆಗಲ್ಲ, ಎಷ್ಟು ತಿಂದರೆ ಅಪಾಯ ಅಂತ ಹೇಳೋಕೆ ಬರಲ್ಲ, ಅದಕ್ಕೇ ಒಂದು ಹಿಡಿಯೂ ಬೇಡ. ನಮ್ಮ ಭಾಗದಲ್ಲಿ ಹೊಲದ ಆಳುಗಳು ಪ್ರೀತಿಯಿಂದಲೇ ನಾಯಿಗೆ ಹಿಡಿ ಮಣೂಕ ಎಸೀತಾರೆ.

ಔಡಲ ಹಿಂಡಿ ಕಥೆ

ಐದರಲ್ಲಿ ಕೊನೆಗೆ ಉಳಿದ ಹೆಣ್ಣು ಕುನ್ನಿಗೆ ಮನೆ ಸಿಗಲಿಲ್ಲ, ಅಥವಾ ಅಷ್ಟೊತ್ತಿಗೆ ಅವ್ವ ಬಿಡಲಿಲ್ಲ. ಹೆಸರು ಕೆಂಪಿ. ತೋಟದಲ್ಲೇ ಇದೆ.

ಕಳೆದ ಜೂನ್‌ನಲ್ಲಿ ದಾಳಿಂಬೆ ಪಾತಿಗೆ ಔಡಲ ಹಿಂಡಿ ಹಾಕ್ತಿದ್ದೆ. ಸಾರಜನಕ ಚಲೋ ಇರೋದರಿಂದ ಸಾವಯವದವರು ಬಹಳ ಬಳಸ್ತೀವಿ, ನಿಮ್ಮಲ್ಲೂ ಎಷ್ಟೋ ಜನ ಬಳಸ್ತಿರಬೇಕು. ಮಧ್ಯಾಹ್ನ ಊಟಕ್ಕೆ ಬರುವಾಗ ಅರ್ಧ ಚೀಲದ ಬಾಯಿ ಕಟ್ಟದೆ ಬಂದೆ. ತಿರುಗಿ ಹೋದಾಗ ಕೆಂಪಿಯ ಮೂತಿಯೆಲ್ಲ ಹಿಂಡಿ. ಎಣ್ಣೆಯ ವಾಸನೆಗೆ ನಾಯಿ ಸೋಲ್ತವೆ. ಎಲುಬಿನ ಪುಡಿ ಬೆರೆಸಿದ್ದರಂತೂ ಹಬ್ಬದೂಟ. ನಾನು ನಕ್ಕು ಮೂತಿ ಒರೆಸಿ ಸುಮ್ಮನಾದೆ. ಹಿಂಡಿ ತಾನೇ, ರಾಸಾಯನಿಕ ಅಲ್ಲವಲ್ಲ.

ಔಡಲ ಬೀಜದಲ್ಲಿ ರಿಸಿನ್ ಅನ್ನೋ ವಿಷ ಇದೆ. ಎಣ್ಣೆಗೆ ಅದು ಬರಲ್ಲ, ಹಿಂಡಿಯಲ್ಲೇ ಉಳೀತದೆ. ಕಾಯಿಸಿ ಸಂಸ್ಕರಿಸಿದ ಹಿಂಡಿಯಲ್ಲಿ ಅದು ಬಹಳಷ್ಟು ನಾಶವಾಗಿರ್ತದೆ, ಆದ್ರೆ ಚೀಲ ನೋಡಿ ನಿಮಗೆ ಗೊತ್ತಾಗಲ್ಲ. ಲಕ್ಷಣ ತಕ್ಷಣ ಕಾಣಿಸಿಕೊಳ್ಳಲ್ಲ, ಕೆಲವು ತಾಸು, ಒಂದು ದಿನವೂ ಹಿಡೀಬಹುದು. ಅದೇ ದೊಡ್ಡ ಮೋಸ. ರಾತ್ರಿ ಹನ್ನೊಂದಕ್ಕೆ ವಾಂತಿ ಶುರು, ಬೆಳಗಿನ ಜಾವ ರಕ್ತಭೇದಿ. ಪಾರ್ವೊ ದಿನಗಳ ಅದೇ ನಾತ. ಅವ್ವ ಎದ್ದು ಕೂತಳು, ಏನೂ ಮಾತಾಡಲಿಲ್ಲ. ರಿಸಿನ್‌ಗೆ ಪ್ರತಿವಿಷ ಇಲ್ಲ. ವೈದ್ಯರು ಮೂರು ದಿನ ಸಲೈನ್ ಹಾಕಿದರು. ಕೆಂಪಿ ಉಳೀತು. ನಾಲ್ಕನೇ ದಿನ ಮಜ್ಜಿಗೆ ಅನ್ನ ನೆಕ್ಕಿದಾಗ ಅವ್ವ ಹಿಂಡಿ ಚೀಲದ ಕಡೆ ಬೆರಳು ತೋರಿಸಿ 'ಅದನ್ನ ಮೊದಲ ಒಳಗ ಇಡು' ಅಂದಳು.

ತಿಂದದ್ದು ಕಂಡ ಕೂಡಲೇ, ಲಕ್ಷಣ ಬರೋ ಮೊದಲೇ ವೈದ್ಯರ ಹತ್ರ ಒಯ್ಯಬೇಕಿತ್ತು, ಆಗ ವಾಂತಿ ಮಾಡಿಸಿ ಹೊರಗೆ ತೆಗೆಯೋ ಅವಕಾಶ ಇರ್ತದೆ. ಈಗ ನಾನು ಬೇವಿನ ಹಿಂಡಿಗೆ ಬದಲಾಗಿದ್ದೀನಿ. ಕಹಿಗೆ ಕೆಂಪಿ ಮೂಸಿಯೂ ನೋಡಲ್ಲ. ಔಡಲ ಹಿಂಡಿಯೇ ಬೇಕು ಅಂದ್ರೆ ಆಳವಾಗಿ ಹಾಕಿ, ಮಣ್ಣು ಮುಚ್ಚಿ, ನೀರು ಬಿಟ್ಟು, ಕೆಲವು ದಿನ ನಾಯಿಯನ್ನ ಆ ತಾಕಿನಿಂದ ದೂರ ಇಡಿ.

ಇಲಿ ಪಾಷಾಣದ ವಿಷಯವೂ ಇದೇ. ಜಿಂಕ್ ಫಾಸ್ಫೈಡ್ ತಿಂದು ಸತ್ತ ಇಲಿಯನ್ನ ಬೆಕ್ಕು ತಿಂದರೆ ಬೆಕ್ಕಿಗೂ ಅಪಾಯ. ಸತ್ತ ಇಲಿ ಆರಿಸಿ ಹುಗಿಯೋದು ಕಡ್ಡಾಯ. ಉಣ್ಣಿಗೆ ಅಂತ ಬೆಳೆಗೆ ಹೊಡೆಯೋ ಕೀಟನಾಶಕವನ್ನ ನಾಯಿ ಮೈಗೆ ತಿಕ್ಕೋದನ್ನ ನಾನು ಕಣ್ಣಾರೆ ಕಂಡಿದ್ದೀನಿ, ದಯವಿಟ್ಟು ಬೇಡ. ನಾಯಿಗೆ ಹಾಕೋ ಪರ್ಮೆಥ್ರಿನ್ ಔಷಧ ಬೆಕ್ಕಿಗೆ ವಿಷ. ಜ್ವರ ಅಂತ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಒಂದು ಗುಳಿಗೆಯೇ ಜೀವ ತೆಗೀತದೆ.

ಪರಚಿದರೂ ಸೂಜಿ

ಕಾಕಾನ ಮೊಮ್ಮಗನಿಗೆ ಆ ಐದರಲ್ಲಿ ಒಂದು ಕುನ್ನಿ ಆಟದಲ್ಲಿ ಹಲ್ಲು ತಾಗಿಸಿತ್ತು. ಒಂದು ಹನಿ ರಕ್ತ. ಮನೆಯವರು ಸುಣ್ಣ-ಅರಿಸಿನ ಹಚ್ಚಿದ್ದರು. 'ಇಷ್ಟ ಸಣ್ಣ ಕುನ್ನಿಗೆ ಎಲ್ಲಿ ಹುಚ್ಚ ಇರತೈತಿ' ಅಂದರು ಕಾಕಾ. ಇರಬಹುದು. ತಾಯಿ ಯಾವುದು, ಅದಕ್ಕೆ ಏನಾಗಿತ್ತು ನಮಗೆ ಗೊತ್ತಿಲ್ಲದ ಮೇಲೆ ಊಹೆ ಮಾಡೋ ಹಾಗಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯೋದಿಲ್ಲ ಅಂತಲೇ ತಿಳಿಯಬೇಕು. ಮೊದಲೇ ಲಸಿಕೆ ತಗೊಂಡರೆ ಪೂರ್ತಿ ತಡೆಯಬಹುದು.

ಗಾಯವನ್ನ ಹರಿಯೋ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯೋದು. ಹೊಲದಲ್ಲಿದ್ದರೆ ಪಂಪ್ ಚಾಲೂ ಮಾಡಿ, ಫೋನ್‌ನಲ್ಲಿ ಟೈಮರ್ ಇಡಿ. 15 ನಿಮಿಷ ಅನ್ನೋದು ನೀವು ಅಂದುಕೊಂಡದ್ದಕ್ಕಿಂತ ಬಹಳ ಉದ್ದ. ಖಾರಪುಡಿ, ಸುಣ್ಣ, ಸೀಮೆಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ. ಅವತ್ತೇ ಸರ್ಕಾರಿ ಆಸ್ಪತ್ರೆಗೆ. ಚರ್ಮದ ಒಳಪದರಕ್ಕೆ ಕೊಡೋ ಲಸಿಕೆ 0, 3, 7, 28ನೇ ದಿನ. ರಕ್ತ ಬಂದ ಕಡಿತಕ್ಕೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು, ಅದನ್ನ ಕೇಳಿ ಹಾಕಿಸಿಕೊಳ್ಳಿ. ನಾಲ್ಕೂ ತಾರೀಕನ್ನ ಫೋನ್ ಕ್ಯಾಲೆಂಡರ್‌ನಲ್ಲಿ ಹಾಕಿಬಿಡಿ. ಕಾಕಾನ ಮನೆಯವರು ಎರಡನೇ ಸೂಜಿಗೇ ಸಾಕು ಅಂದಿದ್ದರು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಾನೇ ಹುಡುಗನನ್ನ ಬೈಕ್ ಮೇಲೆ ಕರೆದೊಯ್ದೆ. ನನ್ನ ಹಾಗೆ ಪದೇ ಪದೇ ಬೀದಿ ನಾಯಿ ಮುಟ್ಟೋರು ಕಡಿತಕ್ಕೆ ಮೊದಲೇ ಲಸಿಕೆ ಹಾಕಿಸಿಕೊಂಡಿರೋದು ಒಳ್ಳೇದು, ನಾನು ಹಾಕಿಸಿಕೊಂಡಿದ್ದೀನಿ.

ಕಾನೂನು, ಫೋನ್ ನಂಬರ್, ಪ್ರವಾಹ

ಸಾಕಿದ ಪ್ರಾಣಿಯನ್ನ ಹಸಿವು-ನೀರಡಿಕೆಗೆ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಬಸ್ ಟಿಕೆಟಿಗಿಂತ ಕಡಿಮೆ. ಕೊಂದರೆ, ಕೈಕಾಲು ಊನ ಮಾಡಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದ ತನಕ ಜೈಲು. ಬೀದಿ ನಾಯಿಗಳ ಸಂತಾನಹರಣ, ಲಸಿಕೆ 2023ರ ನಿಯಮದ ಪ್ರಕಾರ ಸ್ಥಳೀಯ ಸಂಸ್ಥೆಯ ಜವಾಬ್ದಾರಿ. ಅದಕ್ಕೇ ಗ್ರಾಮಸಭೆಯಲ್ಲಿ ಬಾಯಿಮಾತು ಬೇಡ, ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ತಗೊಳ್ಳಿ. ಜಾನುವಾರು ತುರ್ತಿಗೆ ಇರುವ ಪಶು ಸಂಜೀವಿನಿ ನಂಬರ್ 1962, ಫೋನ್‌ನಲ್ಲಿ ಸೇವ್ ಮಾಡಿಕೊಂಡಿರಿ.

ಕೃಷ್ಣಾ, ಘಟಪ್ರಭಾ ದಂಡೆಯವರಿಗೆ ಒಂದು ಮಾತು. 2019ರ ಆಗಸ್ಟ್‌ನಲ್ಲಿ ಎರಡೂ ನದಿ ಒಟ್ಟಿಗೆ ಬಂದಾಗ ಜನ ರಾತ್ರೋರಾತ್ರಿ ಎದ್ದು ಹೋದರು. ಒಯ್ಯೋಕೆ ಆಗದಿದ್ದ ನಾಯಿಗಳಲ್ಲಿ ಸರಪಳಿ ಬಿಚ್ಚಿಬಿಟ್ಟವು ಎಷ್ಟೋ ಮಾಳಿಗೆ ಹತ್ತಿ ಉಳಿದವು. ಮನೆ ಬಿಡೋ ಹೊತ್ತಿಗೆ ಬೇರೇನೂ ಆಗದಿದ್ದರೂ ಕುತ್ತಿಗೆಯ ಕೊಂಡಿ ಬಿಚ್ಚಿ.

ರವದಿ ಮಾತಿಗೆ ತಿರುಗಿ ಬರ್ತೀನಿ. ಎಕರೆಗೆ ಮೂರ್ನಾಲ್ಕು ಟನ್ ರವದಿ ಸಿಗ್ತದೆ, ಸಾಲು ಬಿಟ್ಟು ಸಾಲು ಮುಚ್ಚಿದರೆ ನೀರು ಉಳೀತದೆ, ಕಸ ಏಳಲ್ಲ. ಇದನ್ನ ಈ ಪುಟದಲ್ಲಿ ಹಲವು ಸಲ ಓದಿದ್ದೀರಿ. ಆದ್ರೂ ಸುಡೋರು ಸುಡ್ತಾರೆ ಅಂತ ಗೊತ್ತು. ಸುಡಲೇಬೇಕು ಅಂದ್ರೆ ಮೊದಲು ಕೋಲು ಹಿಡಕೊಂಡು ಸಾಲುಗಳಲ್ಲಿ ಒಮ್ಮೆ ಓಡಾಡಿ, ಸದ್ದು ಮಾಡಿ, ನಿಂತು ಕಿವಿಗೊಡಿ. ನಾಲ್ಕೂ ಕಡೆಯಿಂದ ಬೆಂಕಿ ಹಚ್ಚಬೇಡಿ, ಒಳಗಿದ್ದ ಜೀವಕ್ಕೆ ದಾರಿಯೇ ಇರಲ್ಲ. ಒಂದು ಕಡೆಯಿಂದ ಹಚ್ಚಿ, ಎದುರಿನ ಕಡೆ ಬಿಡಿ.

ಕಾಕಾ ಕಳೆದ ವರ್ಷ ಎರಡು ಎಕರೆ ಸುಡಲಿಲ್ಲ, ಉಳಿದದ್ದನ್ನ ಸುಟ್ಟರು. ಈ ಸಲ ಕಟಾವು ಮುಗಿದ ಮರುದಿನ ಬೆಳಿಗ್ಗೆ ಫೋನ್ ಮಾಡಿದರು. 'ತಮ್ಮಾ, ಕೆಂಪೀನ ಕರಕೊಂಡು ಬಾ. ಒಂದ ಸುತ್ತ ಹಾಕಿ ಹೋಗಲಿ.' ಕೆಂಪಿ ಸಾಲು ಸಾಲು ಮೂಸುತ್ತ ಮುಂದೆ ಹೋಯ್ತು, ಮೊಮ್ಮಗ ಅದರ ಹಿಂದೆ, ಕಾಕಾ ಕೋಲಿನಿಂದ ರವದಿ ತಟ್ಟುತ್ತ ಅವನ ಹಿಂದೆ. ಮೂಲೆಯ ಸಾಲಿನಲ್ಲಿ ಒಂದು ಮುಂಗುಸಿ ಹಾರಿ ಓಡಿತು, ಬೇರೇನೂ ಇರಲಿಲ್ಲ.